ಸಾಮಾನು ಇಡೋ ಪ್ಲಾಸ್ಟಿಕ್ ಶೆಡ್ ಕೋಳಿಮರಿಗಳಿಗೆ ಆಗುತ್ತಾ? ನನ್ನ ರಿವ್ಯೂ

ಹಿತ್ತಲಲ್ಲಿ ಗುದ್ದಲಿ ಪೈಪು ಇಡೋಕೆ ಅಂತ ಮಾರೋ ರೆಡಿಮೇಡ್ ಪ್ಲಾಸ್ಟಿಕ್ ಶೆಡ್ ಇದು, ನಾವು ತಂದಿದ್ದು ಮಾತ್ರ ಪಕ್ಕಾ ಗೂಡು ರೆಡಿಯಾಗೋವರೆಗೆ ಮರಿಗಳನ್ನ ಇಡೋಕೆ. ಜೋಡಿಸೋದು ಸುಲಭ, ಮಳೆ ನೀರು ಒಂದು ಹನಿ ಒಳಗೆ ಬರಲ್ಲ, ತೊಳೆಯೋದಂತೂ ಆರಾಮ. ಹುಳಗಳು ಸೇರ್ಕೊಳೋಕೆ ಮರದ ಗೂಡಲ್ಲಿ ಇರೋ ಥರ ಸಂದು ಇದ್ರಲ್ಲಿ ಕಮ್ಮಿ.

ಆದ್ರೆ ಗಾಳಿ ವಿಷಯದಲ್ಲಿ ಪೂರ್ತಿ ಫೇಲ್. ಎರಡು ಸಣ್ಣ ಕಿಂಡಿ ಕೊಟ್ಟಿದಾರೆ ಅಷ್ಟೇ, ಹಿಕ್ಕೆ ಒದ್ದೆಯಾದ್ರೆ ಅಮೋನಿಯಾ ಏಳುತ್ತೆ, ಅದು ಮರಿಗಳ ಕಣ್ಣು ಶ್ವಾಸಕೋಶ ಎರಡಕ್ಕೂ ಕೆಟ್ಟದ್ದು, ಹಂಗಾಗಿ ಮೇಲ್ಗಡೆ ಎರಡೂ ಪಕ್ಕ ಕಟ್ ಮಾಡಿ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ) ಹಾಕ್ಲೇಬೇಕು. ಮಾಮೂಲಿ ಕೋಳಿ ಜಾಲರಿ ಬೇಡ, ಅದು ಕೋಳಿ ಆಚೆ ಹೋಗದಂಗೆ ತಡೆಯುತ್ತೆ ಹೊರತು ಇಲಿ, ಮುಂಗುಸಿ ಒಳಗೆ ಬರೋದನ್ನ ಅಲ್ಲ. ಕಿಂಡಿ ಮರಿಗಳ ತಲೆಗಿಂತ ಮೇಲಿರಲಿ, ಮೈಮೇಲೆ ನೇರ ಗಾಳಿ ಹೊಡೀಬಾರ್ದು.

ತೀರಾ ಎಳೆ ಮರಿ ಇದ್ರೆ ಇದು ಬೇಡ್ವೇ ಬೇಡ. ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸ್ತಾ ಹೋಗ್ಬೇಕು, ಪ್ಲಾಸ್ಟಿಕ್ ಗೋಡೆ ಹತ್ರ ಹೀಟ್ ಲ್ಯಾಂಪ್ ತೂಗುಹಾಕೋದು ಬೆಂಕಿ ಜೊತೆ ಆಟ. ಸುಮಾರು 6 ವಾರಕ್ಕೆ ಪುಕ್ಕ ಪೂರ್ತಿ ಬಂದ್ಮೇಲೆ ಬಿಡಿ, ಆಗ ಓಕೆ. ಬಿಸಿಲಿಗಂತೂ ಇಡ್ಲೇಬೇಡಿ, ಒಳಗೆ ಓವನ್ ಆಗುತ್ತೆ.

ನೆಲ ನುಣ್ಣಗಿದೆ, ಮರಿಗಳ ಕಾಲು ಜಾರುತ್ತೆ, ದಪ್ಪಗೆ ಮರದ ಹೊಟ್ಟು ಹರಡಿ. ಚಿಲಕ ಲಡಕಾಸಿ, ಬೇರೆ ಹಾಕಿಸ್ಕೊಳಿ. 5ಕ್ಕೆ 3 ಸ್ಟಾರ್, ಅದೂ ನೆರಳಿದ್ರೆ, ಕೈಯಲ್ಲಿ ಕಟರ್ ಇದ್ರೆ.