ಮೂಲಪ್ರತಿಯೋ, ಮೈಕ್ರೋಫಿಲ್ಮೋ, ಸ್ಕ್ಯಾನೋ?

ಹಳೆಯ ಹಸ್ತಪ್ರತಿಗೆ, ಫೋಟೋಗೆ ಲೈಬ್ರರಿಯಲ್ಲಿ ಈ ಮೂರರಲ್ಲಿ ಯಾವುದನ್ನು ಕೇಳಲಿ ಅಂದಿರಲ್ವಾ? ಸುಮ್ನೆ ಓದುವುದಕ್ಕಾದರೆ ಸ್ಕ್ಯಾನ್ ಸಾಕು. ಮನೆಯಲ್ಲೇ ಕೂತು ಅಕ್ಷರ ದೊಡ್ಡದು ಮಾಡಿ ನೋಡಬಹುದು, ಓಡಾಟದ ಖರ್ಚೂ ಇಲ್ಲ.

ಕಾಗದ ಯಾವ ಕಾಲದ್ದು, ಫೋಟೋ ಯಾರದ್ದು ಅಂತ ತಿಳಿಯಬೇಕಾದರೆ ಮಾತ್ರ ಮೂಲವೇ ಬೇಕು. ಹಾಳೆಯನ್ನು ಬೆಳಕಿಗೆ ಹಿಡಿದಾಗ ಕಾಣುವ ವಾಟರ್‌ಮಾರ್ಕ್, ಒತ್ತಿ ಬರೆದ ಗೆರೆ, ಫೋಟೋ ಹಿಂದೆ ಪೆನ್ಸಿಲ್‌ನಲ್ಲಿ ಗೀಚಿದ ಹೆಸರು, ಇವು ಸ್ಕ್ಯಾನ್‌ನಲ್ಲಿ ಎಷ್ಟೋ ಸಲ ತಪ್ಪಿಹೋಗುತ್ತವೆ. ಆದರೆ ಸಾಮಾನ್ಯವಾಗಿ ಮೊದಲೇ ಅನುಮತಿ ಬೇಕು, ಪೆನ್ನನ್ನು ಒಳಗೆ ಬಿಡುವುದಿಲ್ಲ.

ಮೈಕ್ರೋಫಿಲ್ಮ್ ಅಂದರೆ ಪುಟಗಳನ್ನು ತೀರಾ ಚಿಕ್ಕದಾಗಿ ಸೆರೆಹಿಡಿದ ಫಿಲ್ಮ್ ಸುರುಳಿ, ಯಂತ್ರದಲ್ಲಿ ದೊಡ್ಡದು ಮಾಡಿ ಓದಬೇಕು; ಕಣ್ಣಿಗೆ ಶಿಕ್ಷೆ. ಫೋಟೋಗಳಿಗಂತೂ ಬೇಡವೇ ಬೇಡ, ಬೂದು ಛಾಯೆಗಳು ಹೆಚ್ಚಾಗಿ ಬರೀ ಕಪ್ಪು ಬಿಳುಪಾಗಿರುತ್ತವೆ. ಬಾಳಿಕೆ ಮಾತ್ರ ಜಾಸ್ತಿ: ಪಾಲಿಯೆಸ್ಟರ್ ಫಿಲ್ಮನ್ನು ತಂಪಾದ, ಒಣ ಜಾಗದಲ್ಲಿಟ್ಟರೆ 500 ವರ್ಷ ಅನ್ನುವ ಲೆಕ್ಕವಿದೆ. ಇನ್ನೂ ಸ್ಕ್ಯಾನ್ ಆಗದ ಹಸ್ತಪ್ರತಿ ಕಟ್ಟುಗಳಿಗೆ ಮೈಕ್ರೋಫಿಲ್ಮೇ ಗತಿ.