ಯಾರೋ ಕಳಿಸಿದ ಚಿತ್ರ, ನಾನೇ ಕೇಳಿದ ಚಿತ್ರ

ಚಿತ್ರಕಲೆಯ ಪೋಸ್ಟ್‌ಕಾರ್ಡ್ ಸಂಗ್ರಹಿಸೋಕೆ ನಾನು ಎರಡು ದಾರಿ ಹಿಡಿದು ನೋಡಿದ್ದೇನೆ. ಒಂದು ಪೋಸ್ಟ್‌ಕ್ರಾಸಿಂಗ್, ಅಂದರೆ ಗುರುತಿಲ್ಲದವರು ಒಬ್ಬರಿಗೊಬ್ಬರು ಪೋಸ್ಟ್‌ಕಾರ್ಡ್ ಕಳಿಸುವ ಜಾಲತಾಣ. ಇನ್ನೊಂದು ಇಬ್ಬರೂ ಮಾತಾಡಿಕೊಂಡು ಮಾಡುವ ನೇರ ಅದಲುಬದಲು. ಒಳ್ಳೆಯ ಚಿತ್ರಗಳೇ ಬೇಕು ಅಂದರೆ ಎರಡನೆಯದೇ ಸರಿ. ಆದರೂ ಮೊದಲನೆಯದನ್ನು ಬಿಡೋಕೆ ನನಗೆ ಮನಸ್ಸಿಲ್ಲ.

ಪೋಸ್ಟ್‌ಕ್ರಾಸಿಂಗ್ 2005ರ ಜುಲೈನಲ್ಲಿ ಪೋರ್ಚುಗಲ್‌ನಲ್ಲಿ ಶುರುವಾಯಿತು. ನೀವು ಕೇಳಿದಾಗ ಯಾವುದೋ ದೇಶದ ಯಾರದ್ದೋ ವಿಳಾಸ ಸಿಗುತ್ತದೆ, ಜೊತೆಗೊಂದು ಐಡಿ, ಅಂದರೆ ಆ ಕಾರ್ಡಿನ ಗುರುತು. ಆ ಐಡಿಯನ್ನು ಕಾರ್ಡ್ ಮೇಲೆ ಬರೆಯಬೇಕು. ಕಾರ್ಡ್ ತಲುಪಿದವರು ಅದನ್ನು ತಾಣದಲ್ಲಿ ದಾಖಲಿಸಿದ ಮೇಲೆ ನಿಮ್ಮ ವಿಳಾಸ ಇನ್ನೊಬ್ಬರಿಗೆ ಹೋಗುತ್ತದೆ. ಅಂದರೆ ನೀವು ಕಳಿಸುವುದು ಒಬ್ಬರಿಗೆ, ನಿಮಗೆ ಕಳಿಸುವುದು ಮತ್ತೊಬ್ಬರು. ಹೊಸಬರ 5 ಕಾರ್ಡ್ ಮಾತ್ರ ಒಮ್ಮೆಗೆ ದಾರಿಯಲ್ಲಿರಬಹುದು.

ತಾಣದಲ್ಲಿನ ನನ್ನ ಪರಿಚಯ ಪುಟದಲ್ಲಿ 'ಚಿತ್ರಕಲೆ ಇಷ್ಟ' ಅಂತ ಬರೆದಿದ್ದೆ. ಮೊದಲು ಬಂದ ಹತ್ತು ಕಾರ್ಡ್‌ಗಳಲ್ಲಿ ಚಿತ್ರಕಲೆಯದು ಎರಡೇ. ಉಳಿದವು ಬೆಕ್ಕು, ರೈಲು, ಊರಿನ ನಾಲ್ಕು ಫೋಟೋ ಜೋಡಿಸಿದವು. ಅದು ತಪ್ಪಲ್ಲ, ಇಷ್ಟಗಳನ್ನು ಹೇಳಬಹುದು ಅಷ್ಟೇ, ಇಂಥದ್ದೇ ಬೇಕು ಅಂತ ಕೇಳುವ ಹಾಗಿಲ್ಲ. ಆದರೆ ಹಿಂದೆ ತಿರುಗಿಸಿ ನೋಡಿ. ಜರ್ಮನಿಯ ಅಜ್ಜಿಯೊಬ್ಬರು ತಮ್ಮ ಪ್ಲಮ್ ಮರ ಆ ವರ್ಷ ಎಷ್ಟು ಕಾಯಿ ಬಿಟ್ಟಿತು, ಜಾಮ್ ಹೇಗೆ ಮಾಡಿದರು ಅಂತ ಸಣ್ಣ ಅಕ್ಷರದಲ್ಲಿ ಅಂಚಿನವರೆಗೂ ಬರೆದಿದ್ದರು. ಮುಂದೆ ಇದ್ದದ್ದು ಒಂದು ಸಾಧಾರಣ ಸೇತುವೆಯ ಫೋಟೋ. ಆ ಕಾರ್ಡನ್ನು ಯಾರಿಗೂ ಕೊಡಲಾರೆ.

ನೇರ ಅದಲುಬದಲಿನಲ್ಲಿ ನೀವೇ ಆರಿಸಬಹುದು. ಇಬ್ಬರೂ ತಮ್ಮ ಹತ್ತಿರ ಇರುವುದರ ಫೋಟೋ ತೋರಿಸುತ್ತಾರೆ, ಇಷ್ಟವಾದದ್ದನ್ನು ಕೇಳುತ್ತಾರೆ. ಹೀಗೇ ಫಿನ್‌ಲ್ಯಾಂಡಿನ ಸ್ನೇಹಿತೆಯೊಬ್ಬರಿಂದ ಸಿಕ್ಕಿದ್ದು ಅಲ್ಲಿನ ಕಲಾವಿದ ಹ್ಯೂಗೊ ಸಿಂಬರ್ಗ್ 1903ರಲ್ಲಿ ಬರೆದ 'ಗಾಯಗೊಂಡ ದೇವತೆ'ಯ ಕಾರ್ಡ್. ಮೂಲ ಚಿತ್ರ ಹೆಲ್ಸಿಂಕಿಯ ಅಟೆನಿಯಮ್ ಕಲಾ ಸಂಗ್ರಹಾಲಯದಲ್ಲಿದೆ. ಇಬ್ಬರು ಹುಡುಗರು ಕಣ್ಣಿಗೆ ಪಟ್ಟಿ ಕಟ್ಟಿದ ದೇವತೆಯೊಬ್ಬಳನ್ನು ಹೊತ್ತು ನಡೆಯುತ್ತಾರೆ. ಹಿಂದಿನ ಹುಡುಗ ಮಾತ್ರ ನೇರ ನಮ್ಮ ಕಡೆ ನೋಡುತ್ತಾನೆ. ಆ ನೋಟ ನನ್ನನ್ನು ಎಷ್ಟೋ ದಿನ ಬಿಡಲಿಲ್ಲ. ಅದಕ್ಕೆ ಬದಲಾಗಿ ನಾನು ಕಳಿಸಿದ್ದು ಕೈಯಲ್ಲಿ ಬರೆದ ಚಿತ್ತಾರ. ಮಲೆನಾಡಿನ ದೀವರ ಮನೆಗಳ ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಿಂದ ಬರೆಯುವ ಕಲೆ ಅದು. ಅದರ ಹಿಂದೆ ಇಷ್ಟೆಲ್ಲ ಇದೆ ಅಂತ ಹೇಳೋಕೆ ಕಾರ್ಡಿನ ಜಾಗ ಸಾಲಲಿಲ್ಲ, ಇನ್ನೊಂದು ಕಾಗದ ಸೇರಿಸಿ ಲಕೋಟೆಯಲ್ಲಿ ಹಾಕಿದೆ.

ಇದರಲ್ಲಿರುವ ತೊಂದರೆ ನಂಬಿಕೆಯದು. ನಾನು ಮೊದಲು ಕಳಿಸಿ, ಆ ಕಡೆಯಿಂದ ಏನೂ ಬಾರದೆ ಹೋದದ್ದೂ ಇದೆ. ಮೈಸೂರು ಶೈಲಿಯ ಚಿತ್ರದ ಒಳ್ಳೆಯ ಕಾರ್ಡ್ ಅದು, ಈಗಲೂ ಬೇಜಾರಾಗುತ್ತದೆ. ಪೋಸ್ಟ್‌ಕ್ರಾಸಿಂಗ್‌ನಲ್ಲಿ 60 ದಿನವಾದರೂ ಕಾರ್ಡ್ ತಲುಪದಿದ್ದರೆ, ಅದರ ಬದಲು ಹೊಸ ವಿಳಾಸ ಕೇಳಬಹುದು. ಕಾರ್ಡ್ ತಡವಾಗಿ ತಲುಪಿದರೂ ವರ್ಷದೊಳಗೆ ದಾಖಲಾಗುತ್ತದೆ. ನೇರ ಅದಲುಬದಲಿನಲ್ಲಿ ಅಂಥ ದಾರಿಯಿಲ್ಲ. ಹಾಗಾಗಿ ಹೊಸ ಪರಿಚಯದವರ ಜೊತೆ ಮೊದಲು ಒಂದೇ ಕಾರ್ಡ್ ಅದಲುಬದಲು ಮಾಡಿ ನೋಡುತ್ತೇನೆ.

ಐದಾರು ಜನ ಸೇರಿ ಒಂದೇ ವಿಷಯದ ಕಾರ್ಡ್ ಹಂಚಿಕೊಳ್ಳುವುದೂ ಉಂಟು. ಒಂದು ಸಲ ಮಾಡಿದೆ. ಕಳಿಸುವ ಕೆಲಸ ಜಾಸ್ತಿ, ಬರೆಯುವ ಮಾತು ಕಡಿಮೆ. ನನಗೆ ಹಿಡಿಸಲಿಲ್ಲ.

ಲಕೋಟೆ ಬೇಕಾ ಬೇಡ್ವಾ ಅನ್ನುವುದನ್ನೂ ಹೇಳಿಬಿಡುತ್ತೇನೆ. ಅಚ್ಚಾದ ಕಾರ್ಡ್ ಆದರೆ ಹಾಗೇ ಬರಲಿ. ಅಂಚೆಚೀಟಿ, ಅದರ ಮೇಲಿನ ಸೀಲು, ಎಲ್ಲ ಸೇರಿದರೇ ಅದರ ಚೆಂದ. ಕೈಯಲ್ಲಿ ಬರೆದ ಜಲವರ್ಣ ಮಾತ್ರ ಲಕೋಟೆಯಲ್ಲೇ ಹೋಗಬೇಕು. ಬೆಂಗಳೂರಿನ ಜೂನ್ ಮಳೆಗೆ ಸಿಕ್ಕಿ ಒಂದು ಕಾರ್ಡ್ ನೀಲಿ ಕಲೆಯಾಗಿ ಕೈ ಸೇರಿತ್ತು, ಐಡಿ ಓದಲಾಗಲಿಲ್ಲ. ಅಂದಿನಿಂದ ನಾನು ಬಾಲ್ ಪೆನ್ನಿನಲ್ಲೇ ಬರೆಯುತ್ತೇನೆ, ಐಡಿಯನ್ನು ಎರಡು ಕಡೆ.

ಜನವರಿಯಲ್ಲಿ ಕುಮಾರಕೃಪ ರಸ್ತೆಯ ಚಿತ್ರಸಂತೆಗೆ ಹೋಗಿ ಸಣ್ಣ ಅಳತೆಯ ಚಿತ್ರಗಳನ್ನು ಹುಡುಕುತ್ತೇನೆ. ಕೈಯಲ್ಲಿ ಬರೆದ ಚಿತ್ರಗಳು ನೇರ ಅದಲುಬದಲಿಗೆ, ಅಚ್ಚಾದವು ಪೋಸ್ಟ್‌ಕ್ರಾಸಿಂಗ್‌ಗೆ. ಹೋದ ವಾರ ಜಿಪಿಒದಲ್ಲಿ ಮೂರು ಕಾರ್ಡ್ ಹಾಕಿದೆ. ಎರಡು ಯಾರೆಂದು ಗೊತ್ತಿಲ್ಲದವರಿಗೆ, ಇನ್ನೊಂದು ಫಿನ್‌ಲ್ಯಾಂಡಿನ ಅದೇ ಸ್ನೇಹಿತೆಗೆ. ಈ ಸಲ ಅವರೇ ಚಿತ್ತಾರ ಕೇಳಿದ್ದರು.