ಮುಂದೆ 400, ಹಿಂದೆ 350: ಹಳೇ ಪಾಂಟಿಯಾಕ್ ಎಂಜಿನ್ ಕೊಳ್ಳುವವರು ದಯವಿಟ್ಟು ಓದಿ

ನನಗೆ ಸುಳ್ಳು ಹೇಳಿ ಹಳೇ ಕಾರಿನ ಎಂಜಿನ್ ಮಾರಿದ ಅದೇ ಮನುಷ್ಯ ನಿನ್ನೆ ರಾತ್ರಿ ಮತ್ತೆ ಜಾಹೀರಾತು ಹಾಕಿದ್ದಾನೆ. ‘1968ರ ಜಿಟಿಒ 400 ಎಂಜಿನ್, ರೀಬಿಲ್ಡ್ ಆಗಿದೆ’ ಅಂತ. ಅದೇ ಶೆಡ್, ಅದೇ ಕೆಂಪು ಸ್ಟ್ಯಾಂಡ್, ಅದೇ ನೀಲಿ ಬಣ್ಣ. ನೋಡಿ ಮೈಯೆಲ್ಲ ಉರಿದು ಹೋಯಿತು. ಆರು ತಿಂಗಳಿಂದ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗಲ್ಲ. ಮಿಶಿಗನ್, ಒಹಾಯೋ ಕಡೆ ಹಳೇ ಕಾರಿನ ಹುಚ್ಚಿರುವ ಕನ್ನಡದವರು ಇದ್ದೀರಿ. ನಿಮಗಾಗಿಯೇ ಬರೆಯುತ್ತಿದ್ದೇನೆ.

400 ಕ್ಯೂಬಿಕ್ ಇಂಚಿನ ದೊಡ್ಡ ಎಂಜಿನ್ ಅಂತ ನಂಬಿ 3,200 ಡಾಲರ್ ನಗದು ಎಣಿಸಿ ಕೊಟ್ಟು, ಚಿಕ್ಕದಾದ 350 ಎಂಜಿನ್ ಮನೆಗೆ ತಂದವನು ನಾನು.

ನನ್ನದು 1968ರ ಪಾಂಟಿಯಾಕ್ ಜಿಟಿಒ. ಎಂಜಿನ್ ಇಲ್ಲದೆ ಬರೀ ಬಾಡಿ ಸಿಕ್ಕಿತ್ತು. ಕಾರು ಅಸಲಿ. ವಿಐಎನ್, ಅಂದರೆ ಕಾರಿನ ಗುರುತಿನ ಸಂಖ್ಯೆ, 242ರಿಂದ ಶುರುವಾಗುತ್ತೆ. ಪಾಂಟಿಯಾಕ್‌ನದೇ ಕಡಿಮೆ ಬೆಲೆಯ ಲೆಮ್ಯಾನ್ಸ್‌ಗೆ ಜಿಟಿಒ ಬ್ಯಾಡ್ಜ್ ಅಂಟಿಸಿದ್ದಾಗಿದ್ದರೆ 237 ಇರುತ್ತಿತ್ತು. ಅದನ್ನು ನೋಡಿಯೇ ಕೊಂಡಿದ್ದೆ. ಎರಡು ಚಳಿಗಾಲ ಗ್ಯಾರೇಜಿನಲ್ಲಿ ಒದ್ದಾಡಿ, ಡಿಕ್ಕಿಯ ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿದ್ದೆ. ಇಷ್ಟೆಲ್ಲ ಗೊತ್ತಿದ್ದವನು ಎಂಜಿನ್ ವಿಷಯದಲ್ಲಿ ಮೋಸ ಹೋದೆ. ಅದೇ ಸಂಕಟ.

ಆ ವರ್ಷ ಜಿಟಿಒಗೆ ಬರುತ್ತಿದ್ದದ್ದು 400 ಕ್ಯೂಬಿಕ್ ಇಂಚಿನ ವಿ8. ಟೆಂಪೆಸ್ಟ್, ಲೆಮ್ಯಾನ್ಸ್‌ಗಳಿಗೆ 350 ಕ್ಯೂಬಿಕ್ ಇಂಚಿನದೂ ಬರುತ್ತಿತ್ತು. ಪಾಂಟಿಯಾಕ್‌ನ ಕಷ್ಟ ಏನು ಅಂದ್ರೆ, ಹೊರಗಿನಿಂದ ಎರಡೂ ಒಂದೇ ಥರ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ ಕೂಡ ಒಂದೇ, 3.75 ಇಂಚು. ವ್ಯತ್ಯಾಸ ಬೋರ್‌ನಲ್ಲಿ, ಅಂದರೆ ಸಿಲಿಂಡರಿನ ಅಗಲದಲ್ಲಿ. 400ಕ್ಕೆ 4.12 ಇಂಚು, 350ಕ್ಕೆ 3.88ರ ಹತ್ತಿರ. ಸಿಲಿಂಡರುಗಳ ಮೇಲೆ ಕೂರುವ ಹೆಡ್ ಬಿಚ್ಚದೆ ಅದು ಕಾಣಲ್ಲ. ಇದು ಮಾರಿದವನಿಗೆ ಚೆನ್ನಾಗಿ ಗೊತ್ತಿತ್ತು.

ನವೆಂಬರ್ ಸಂಜೆ, ಒಹಾಯೋದ ಟೊಲೀಡೊ ಆಚೆಯ ಒಂದು ಹಳ್ಳಿ. ನಾನು ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಶೆಡ್‌ನಲ್ಲಿ ಒಂದೇ ಬಲ್ಬು. ಕಾಫಿ ಕೊಟ್ಟ, ಅವರಪ್ಪನ ಕಾರಿನ ಕಥೆ ಹೇಳಿದ. ಬ್ಲಾಕ್‌ನ, ಅಂದರೆ ಎಂಜಿನ್‌ನ ಮುಖ್ಯ ಎರಕದ ಮುಂಭಾಗದಲ್ಲಿ ‘ಡಬ್ಲ್ಯೂಟಿ’ ಅಂತ ಕೋಡ್ ಹೊಡೆದಿತ್ತು. ಅದು 68ರಲ್ಲಿ ಗೇರ್ ಹಾಕುವ ಜಿಟಿಒದ 400ರ ಕೋಡ್. ಹೆಡ್ ಮೇಲೆ ‘16’ ಅಂತ ಇತ್ತು. ಅದೂ 68ರ 400ರದ್ದೇ. ನನ್ನ ಎದೆ ಹೊಡೆದುಕೊಳ್ಳೋಕೆ ಶುರುವಾಯಿತು. ಇಷ್ಟು ಸಾಕಾಯಿತು ನನಗೆ.

ಆದರೂ ಕೇಳಿದೆ, ದೇವರಾಣೆ ಕೇಳಿದೆ. ಹಿಂದೆ, ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಪಕ್ಕ ಎರಕದಲ್ಲೇ ಮೂಡಿರುವ ನಂಬರ್ ನೋಡಬೇಕು ಅಂದೆ. 68ರ 400 ಆದರೆ 9790071. ಅದೇ ಕಾಲದ 350 ಆದರೆ 9790079. ಒಂದೇ ಅಂಕಿಯ ವ್ಯತ್ಯಾಸ. ಟಾರ್ಚ್ ಹಿಡಿದು ನೋಡಿದರೆ ಕೊನೆಯ ಅಂಕಿಯ ಮೇಲೆ ದಪ್ಪಗೆ ಬಣ್ಣ, ಅದರ ಮೇಲೆ ಗ್ಯಾಸ್ಕೆಟ್ ಅಂಟು. "ಒಂದು ಅಲ್ವಾ ಅದು, ಕಾಣಲ್ವಾ?" ಅಂದ. ನನಗೆ ಒಂದೇ ಕಾಣಿಸಿತು. ಬೇಕು ಅಂತ ಆಸೆಪಟ್ಟವನಿಗೆ ಬೇಕಾದದ್ದೇ ಕಾಣುತ್ತೆ. ಕೆರೆದು ನೋಡಲಾ ಅಂದರೆ, "ಹೊಸ ಪೇಂಟ್, ಹಾಳು ಮಾಡಬೇಡ. ಇಂಡಿಯಾನಾದಿಂದ ಇನ್ನೊಬ್ಬ ಹೊರಟಿದ್ದಾನೆ, ಬೇಡ ಅಂದ್ರೆ ಹೇಳು" ಅಂದ. ದುಡ್ಡು ಎಣಿಸಿದೆ.

ಫೆಬ್ರವರಿಯಲ್ಲಿ ವಾಲ್ವ್ ಸ್ಪ್ರಿಂಗ್ ಬದಲಾಯಿಸುವಾಗ, ಒಳಗೂ ಒಮ್ಮೆ ನೋಡೋಣ ಅಂತ ಹೆಡ್ ಬಿಚ್ಚಿದೆ. ಮಗ ಲೈಟ್ ಹಿಡಿದಿದ್ದ. ‘30 ಓವರ್’, ಅಂದರೆ 0.030 ಇಂಚು ಹೆಚ್ಚು ಅಗಲಕ್ಕೆ, ಬೋರ್ ಮಾಡಿಸಿದ್ದೇನೆ ಅಂದಿದ್ದ ಮಾರಿದವನು. ಹಾಗಾದರೆ 4.15 ಬರಬೇಕು. ಅಳತೆಯ ಕ್ಯಾಲಿಪರ್ ಇಟ್ಟೆ. 3.90. ಸರಿಯಾಗಿ ಇಟ್ಟಿಲ್ಲವೇನೋ ಅಂತ ಒರೆಸಿ ಮತ್ತೆ ಇಟ್ಟೆ. 3.90. ಪಕ್ಕದ ಸಿಲಿಂಡರ್, 3.90. ಎಂಟನ್ನೂ ನೋಡಿದೆ. ಹಿಂದೆ ಹೋಗಿ ಥಿನ್ನರ್ ಹಾಕಿ ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿದೆ. ಅಂಟು ಎದ್ದು ಬಂತು. ಕೆಳಗೆ ದುಂಡಗೆ ಒಂಬತ್ತು ಕೂತಿತ್ತು. "ಅಪ್ಪ, ಯಾಕೆ ಸುಮ್ನಾದೆ?" ಅಂದ ಮಗ. ಏನು ಹೇಳಲಿ ಅವನಿಗೆ?

ಆಮೇಲೆ ಮುಂದಿನ ಕೋಡ್ ಸರಿಯಾಗಿ ನೋಡಿದೆ. ಆ ಜಾಗದಲ್ಲಿ ಗ್ರೈಂಡರ್ ಗೀರುಗಳಿವೆ, ಅದರ ಮೇಲೆ ಸೊಟ್ಟಗೆ ‘ಡಬ್ಲ್ಯೂಟಿ’ ಹೊಡೆದಿದ್ದಾನೆ. 68ರಿಂದ ಎಂಜಿನ್ ಮೇಲೂ ಕಾರಿನ ವಿಐಎನ್‌ನ ಭಾಗ ಇರಬೇಕು. ಇಲ್ಲವೇ ಇಲ್ಲ. 350 ಬ್ಲಾಕಿಗೆ 400ರ ಹೆಡ್ ಕೂರುತ್ತೆ, ಹಾಗಾಗಿ ಆ ‘16’ ಕೂಡ ಬರೀ ತೋರಿಕೆಗೆ ಕೂರಿಸಿದ್ದು. ಗೊತ್ತಿಲ್ಲದೆ ಆದದ್ದಲ್ಲ ಇದು. ಕೂತು ಮಾಡಿದ್ದು.

ಫೋನ್ ಮಾಡಿದೆ. ಮೊದಲು, "ನೀನು ನೋಡಿದ್ದನ್ನೇ ಕೊಟ್ಟಿದ್ದೇನೆ" ಅಂದ. ಅಳತೆ ಹೇಳಿದೆ. "ನಿನ್ನ ಕ್ಯಾಲಿಪರ್ ಸರಿ ಇಲ್ಲ" ಅಂದ. ಒಂಬತ್ತರ ಫೋಟೋ ಕಳಿಸಿದೆ. ಎರಡು ದಿನ ಮೌನ. ಆಮೇಲೆ ಮೆಸೇಜ್ ಬಂತು: "ಹೊರಗಿಂದ ಎರಡೂ ಒಂದೇ. ಕಾರಿಗೆ ಹಾಕಿ ಓಡಿಸು, ಯಾರಿಗೂ ಗೊತ್ತಾಗಲ್ಲ." ಇದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಯಾರಿಗೂ ಗೊತ್ತಾಗಲ್ಲವಂತೆ! ನನಗೆ ಗೊತ್ತಲ್ಲ? ನನ್ನ ಮಗನಿಗೆ ಗೊತ್ತಲ್ಲ? ದುಡ್ಡು ವಾಪಸ್ ಕೊಡು ಅಂದೆ. "ರಸೀದಿ ಓದಿಕೋ" ಅಂತ ಬರೆದು ಬ್ಲಾಕ್ ಮಾಡಿದ.

ರಸೀದಿ ತೆಗೆದು ನೋಡಿದೆ. ಅವನ ಕೈಬರಹ: ‘ಪಾಂಟಿಯಾಕ್ ಎಂಜಿನ್ ಒಂದು, ಇದ್ದ ಹಾಗೆ.’ ಅಷ್ಟೇ. 400 ಅನ್ನೋದೇ ಇಲ್ಲ. ಅವತ್ತು ಸಂತೋಷದಲ್ಲಿ ಮಡಚಿ ಜೇಬಿಗೆ ಹಾಕಿಕೊಂಡಿದ್ದೆ. ಸಣ್ಣ ಮೊತ್ತದ ದಾವೆ ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋಗು ಅಂತ ಸ್ನೇಹಿತರು ಹೇಳುತ್ತಾರೆ. ಈ ಚೀಟಿ ಹಿಡಿದು ಏನಂತ ಹೋಗಲಿ? ಕೊರೆಸಿ 400 ಮಾಡಿಸೋಣ ಅಂದರೆ ಅದೂ ಆಗಲ್ಲ. ಅಷ್ಟು ದೊಡ್ಡ ಬೋರ್‌ಗೆ ಗೋಡೆಯಲ್ಲಿ ಲೋಹವೇ ಇಲ್ಲ ಅಂದರು ಮಷೀನ್ ಶಾಪ್‌ನವರು.

ನೀವು ಹೋಗೋದಾದರೆ ಹಗಲಲ್ಲಿ ಹೋಗಿ. ಬ್ರಷ್, ಥಿನ್ನರ್ ಜೇಬಿನಲ್ಲಿ ಇರಲಿ. ಹಿಂದಿನ ನಂಬರ್ ಉಜ್ಜೋಕೆ ಬಿಡಲ್ಲ ಅಂದರೆ ಕಾಫಿ ಕುಡಿಯೋಕೂ ನಿಲ್ಲಬೇಡಿ. ಆ ನಂಬರನ್ನು ರಸೀದಿಯಲ್ಲಿ ಅವನ ಕೈಯಿಂದಲೇ ಬರೆಸಿ. ಇನ್ನೊಬ್ಬ ಬರ್ತಿದ್ದಾನೆ ಅಂದರೆ ಬರಲಿ ಬಿಡಿ.

ನಿನ್ನೆಯ ಜಾಹೀರಾತಿನಲ್ಲಿ ಹನ್ನೊಂದು ಫೋಟೋ ಇವೆ. ಮುಂದಿನ ಕೋಡ್ ಇದೆ, ಹೆಡ್ ಮೇಲಿನ ‘16’ ಇದೆ. ಹಿಂಭಾಗದ್ದು ಒಂದೂ ಇಲ್ಲ.